ರೆಕಾರ್ಡಿನೊಳಗಿನ ಕೂಗು

ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿದ್ದೇ ಕನ್ನಡಕದಂಗಡಿಯವನು ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಕೊನೆ ಗಳಿಗೆಯಲ್ಲಾದರೂ ತಪ್ಪಿಸಿಕೊಂಡಾನು ಎಂದುಕೊಂಡಿದ್ದ. ಮುದುಕ ಬಂದೇ ಬಿಟ್ಟಿದ್ದ.

ಅಂಗಡಿಯ ಮೇಲಿನ ಕೋಣೆಯಲ್ಲಿ ಅಭಿಮಾನಿಗಳು ಎದ್ದು ನಿಂತರು. ಎಡಚ ಸತ್ತ ದಿನ ಪ್ರತಿವರ್ಷ ಇಲ್ಲಿ ಸೇರಿ ಅವನ ರೆಕಾರ್ಡು ಕೇಳುವುದು ಇವರ ರೂಢಿ. ಎಡಚ ಎಂದರೆ ಎಡಗೈಯಲ್ಲಿ ಗಿಟಾರ್ ಮೀಟುತ್ತಿದ್ದ ಜಾಝ್ ಕಲಾವಿದ. ಅವನ ತಂಡದಲ್ಲಿದ್ದವರು ಮೂವರೇ. ಗಿಟಾರಿಗೆ ಅವನು, ಡ್ರಮ್ಮಿಗೆ ಒಬ್ಬ, ಆರ್ಗನ್ನಿಗೆ ಈ ಮುದುಕ. ಡ್ರಮ್ಮಿನವನೂ ಈಗಿಲ್ಲ. ಎಷ್ಟು ಸಲ ಕರೆದರೂ ಏನೋ ನೆಪ ಹೇಳುತ್ತಿದ್ದ ಮುದುಕ, ಈ ಸಲ ತಾನಾಗಿಯೇ ಫೋನ್ ಮಾಡಿ "ಬರ್ತೀನಿ" ಎಂದಿದ್ದ.

ಯಾರನ್ನು ಹುಡುಕಿಕೊಂಡು ಬಂದಿದ್ದಾನೆ ಎಂಬುದರಲ್ಲಿ ಕನ್ನಡಕದವನಿಗೆ ಅನುಮಾನವಿರಲಿಲ್ಲ.

"ಜೋರಾಗಿ ಮಾತಾಡ್ರಪ್ಪಾ," ಮುದುಕ ಕುರ್ಚಿಗೆ ಒರಗಿದ. "ಆರ್ಗನ್ ಸ್ಪೀಕರ್ ಪಕ್ಕದಲ್ಲೇ ಕೂತು ಕೂತು ಕಿವಿ ಎರಡೂ ಹೋಗಿವೆ. ಈ ಮಿಷನ್ನು ಬರೀ ಮರ್ಯಾದೆಗೆ."

"ನಿಮ್ಮ ಎಡಗಾಲಿಗೆ ನಮಸ್ಕಾರ ಮಾಡ್ಬೇಕು ಸಾರ್," ಗಣಿತದ ಮೇಷ್ಟ್ರು ಕೂಗಿ ಹೇಳಿದರು. "ಬೇಸ್‌ನ ಮಂದ್ರ ಸ್ವರಕ್ಕೆ ಬೇರೆ ಆಳೇ ಇಲ್ಲದೆ, ಅಷ್ಟನ್ನೂ ಅದೊಂದೇ ಆರ್ಗನ್ನಿನ ಪೆಡಲ್ ತುಳಿದು ಬಾರಿಸ್ತಿತ್ತಲ್ಲ!"

"ಮಾಡಿ, ಮಾಡಿ. ಬಲಗಾಲಿಗೆ ಮಂಡಿನೋವು, ಎಡಗಾಲಿಗೆ ಹೊಗಳಿಕೆ. ಎರಡೂ ಒಂದೇ ಮನೆಯಲ್ಲಿ ಬೆಳೆದವು ನೋಡಿ."

ಎಲ್ಲರೂ ನಕ್ಕರು. ಕನ್ನಡಕದವನು ನಗಲಿಲ್ಲ.

ರೇಡಿಯೋ ರಿಪೇರಿಯವನು ಕೊನೆಯ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ. ಅದು ಎಡಚನ ಕೊನೆಯ ಕಾರ್ಯಕ್ರಮ. ಅದರಲ್ಲೊಂದು ಜಾಗ ಈ ಕೋಣೆಯವರಿಗೆಲ್ಲ ಬಾಯಿಪಾಠ. ಕಾರ್ಯಕ್ರಮ ಮುಗಿದಿದೆ. ಚಪ್ಪಾಳೆ ತಗ್ಗುತ್ತದೆ. ಆರ್ಗನ್ನಿನ ಮಂದ್ರ ಸ್ವರ ಕರಗುತ್ತದೆ. ಕುರ್ಚಿ ಕಿರುಗುಟ್ಟುತ್ತದೆ, ಎಡಚ ಎದ್ದ. ಒಂದು ಉಸಿರಿನಷ್ಟು ಮೌನ. ಆಮೇಲೆ ಆ ಕೂಗು: "ಒನ್ಸ್ ಮೋರ್!" 'ಮೋ' ಎನ್ನುವಲ್ಲಿ ಬಟ್ಟೆ ಹರಿದಂತೆ ಸೀಳುವ ದನಿ. ಮತ್ತೆ ಕುರ್ಚಿ ಕಿರುಗುಟ್ಟುತ್ತದೆ. ಎಡಚ ಬಾರಿಸಿದ್ದರಲ್ಲೆಲ್ಲ ಶ್ರೇಷ್ಠವಾದದ್ದು ಬರುವುದು ಅದಾದ ಮೇಲೆ. ಅದನ್ನು ಮುಗಿಸಿ ಒಳಕೋಣೆಗೆ ಹೋದವನು ಬೂಟು ಬಿಚ್ಚುವ ಮೊದಲೇ ಸತ್ತ.

ಕನ್ನಡಕದವನು ಅಂದು ಕಾಲೇಜು ಹುಡುಗ, ಮುಂದಿನ ಸಾಲಿನ ತುದಿಯಲ್ಲಿದ್ದ. ಎಡಚನ ಮುಖ ಬೂದಿಬಣ್ಣಕ್ಕೆ ತಿರುಗಿದ್ದನ್ನು ಕಂಡಿದ್ದ. ಅವನ ಕೈ ಎದೆಯ ಮೇಲಿದ್ದದ್ದನ್ನೂ ಕಂಡಿದ್ದ. ಕಂಡೂ ಕೂಗಿದ್ದ.

ರೆಕಾರ್ಡು ಮಾರಾಟಕ್ಕೆ ಬಂದಾಗ ಆ ಜಾಗವನ್ನು ಒಂದೇ ಒಂದು ಸಲ ಕೇಳಿದ. ಆ ಕೂಗು ತಲೆಯಿಂದ ಇಳಿಯಲೇ ಇಲ್ಲ. ಅಂದಿನಿಂದ ಪ್ರತಿವರ್ಷ ಆ ಜಾಗ ಬರುವ ಮುಂಚೆ ಟೀ ಮಾಡಲು ಎದ್ದುಹೋಗುತ್ತಿದ್ದ. ವಿಷಯ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. "ಅದು ನಿಮ್ಮ ದನಿ ಥರ ಇಲ್ಲವೇ ಇಲ್ಲ ಕಣ್ರೀ, ನಿಮ್ದು ಮೂಗಲ್ಲಿ ಬರುತ್ತೆ" ಎಂದು ಅವಳು ಒಮ್ಮೆ ಹೇಳಿದ್ದಳು. ರೆಕಾರ್ಡಿನಲ್ಲಿ ತನ್ನ ದನಿ ಯಾರಿಗೆ ತಾನೇ ತನ್ನದು ಅನ್ನಿಸುತ್ತದೆ? ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡಿದ್ದ.

ಈ ಸಲ ಟೀ ಮೊದಲೇ ಮಾಡಿಟ್ಟಿದ್ದ. ಇವತ್ತು ಏಳುವುದಿಲ್ಲ. ಮುದುಕನ ಕಾಲು ಹಿಡಿದು ಹೇಳಿಬಿಡಬೇಕು. ಆಮೇಲೆ ಬೈದರೆ ಬೈಯಲಿ, ಉಗಿದರೆ ಉಗಿಯಲಿ. ಅಷ್ಟಾದರೆ ಉಳಿದ ಆಯುಸ್ಸಿನಲ್ಲಿ ಆ ಕೊನೆಯ ಹಾಡನ್ನು ಒಮ್ಮೆಯಾದರೂ ಪೂರ್ತಿ ಕೇಳಬಹುದು.

"ಕೂಗು ಎಷ್ಟು ಹತ್ತಿರ ಇದೆ ಗಮನಿಸಿ," ರಿಪೇರಿಯವನು ಪ್ರತಿವರ್ಷದ ಭಾಷಣ ಶುರು ಮಾಡಿದ. "ಚಪ್ಪಾಳೆ ಪಕ್ಕದ ಬೀದಿಯಿಂದ ಬಂದ ಹಾಗಿದೆ. ಕೂಗು ಮಾತ್ರ ಕಿವಿ ಬುಡದಲ್ಲೇ. ಇದ್ದ ಮೈಕೆಲ್ಲ ವೇದಿಕೆ ಮೇಲೇ ಇತ್ತು. ಆದ್ರೂ ಹಿಡಿದಿದೆ ಅಂದ್ರೆ, ಗಂಟಲು ಅಂದ್ರೆ ಅದಪ್ಪಾ ಗಂಟಲು!"

"ಆ ಪುಣ್ಯಾತ್ಮ ಯಾರು ಅಂತ ಕೊನೆಗೂ ಗೊತ್ತಾಗ್ಲಿಲ್ವಾ ಸಾರ್?" ಮೇಷ್ಟ್ರು ಮುದುಕನ ಕಿವಿಗೆ ಬಾಗಿದರು.

ಮುದುಕ ಸುತ್ತ ಒಮ್ಮೆ ನೋಡಿದ. ಅವನ ಕಣ್ಣು ಕನ್ನಡಕದವನ ಮೇಲೆ ಸ್ವಲ್ಪ ಹೊತ್ತು ನಿಂತಂತಾಯಿತು.

"ಗೊತ್ತಾಗಿ ಏನ್ ಮಾಡ್ತೀರಿ? ಬದುಕಿದ್ರೆ ನನ್ನಷ್ಟೇ ಹಣ್ಣಾಗಿರ್ತಾನೆ ಪಾಪ. ನಿದ್ದೇನೂ ಅಷ್ಟಕ್ಕಷ್ಟೇ ಇರುತ್ತೆ."

ಕನ್ನಡಕದವನು ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸತೊಡಗಿದ.

"ಒಂದು ಮಾತು ಹೇಳ್ತೀನಿ," ಮುದುಕ ಮುಂದುವರಿಸಿದ. "ಜನ ಕೇಳಿದ್ರು ಅಂತ ಅವನು ಯಾವತ್ತೂ ಎರಡನೇ ಸಲ ಕೂತೋನಲ್ಲ. ಸೂರು ಹಾರಿಹೋಗೋ ಹಾಗೆ ಕಿರುಚಿದ್ರೂ ಗಿಟಾರ್ ಪೆಟ್ಟಿಗೆಗೆ ಹಾಕಿ ನಡೀತಿದ್ದ."

"ಮತ್ತೆ ಅವತ್ತು ಯಾಕೆ ಕೂತ್ರು?"

"ಏನಂದ್ರಿ?"

ಮೇಷ್ಟ್ರು ಮತ್ತೆ ಕೇಳುವಷ್ಟರಲ್ಲಿ ಮುದುಕ ಕಿವಿಯ ಮಿಷನ್ ಕಿತ್ತು ಜೇಬಿಗೆ ಹಾಕಿಕೊಂಡ. "ಇನ್ನು ಇದು ಬೇಡ. ಹಾಕಿ ರೆಕಾರ್ಡು. ನನಗೆ ಅದು ಕಾಲಲ್ಲೇ ಕೇಳುತ್ತೆ."

ಮುಳ್ಳು ಇಳಿಯಿತು. ಮೂವರೂ ಮತ್ತೆ ಜೊತೆಯಾದರು. ಅಭಿಮಾನಿಗಳೆಲ್ಲ ಕಣ್ಣು ಮುಚ್ಚಿದರು. ಮುದುಕನೂ ಮುಚ್ಚಿದ. ಅವನ ಎಡಗಾಲು ಬರಿ ನೆಲದ ಮೇಲೆ ಒಂದೊಂದೇ ಸ್ವರ ತುಳಿಯುತ್ತಿತ್ತು, ರೆಕಾರ್ಡಿಗಿಂತ ಕೂದಲೆಳೆಯಷ್ಟೂ ಹಿಂದೆಮುಂದೆ ಆಗದೆ.

ಚಪ್ಪಾಳೆ ತಗ್ಗಿತು. ಮಂದ್ರ ಸ್ವರ ಕರಗಿತು. ಕುರ್ಚಿ ಕಿರುಗುಟ್ಟಿತು.

ಕನ್ನಡಕದವನಿಗೆ ತಡೆಯಲಾಗಲಿಲ್ಲ. ಎದ್ದು ಎರಡು ಹೆಜ್ಜೆಯಲ್ಲಿ ಹೋಗಿ ಮುಳ್ಳನ್ನು ಮೇಲಕ್ಕೆತ್ತಿಬಿಟ್ಟ. ಸದ್ದಿಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು. ಅವನು ಮುದುಕನತ್ತ ತಿರುಗಿದ.

ಮುದುಕನ ಎಡಗಾಲು ನೆಲದಿಂದ ಮೇಲೆದ್ದು, ಗಾಳಿಯಲ್ಲಿ ನಿಂತಿತ್ತು.

"ಒನ್ಸ್ ಮೋರ್!"

'ಮೋ' ಎನ್ನುವಲ್ಲಿ ಬಟ್ಟೆ ಹರಿದಂತೆ ಸೀಳಿದ ದನಿ, ಮುದುಕನ ಬಾಯಿಂದ.

"ಆಹಾ!" ರಿಪೇರಿಯವನು ಕಣ್ಣು ಮುಚ್ಚಿಕೊಂಡೇ ತಲೆದೂಗಿದ.

ಮುಳ್ಳು ಇನ್ನೂ ಕನ್ನಡಕದವನ ಕೈಯಲ್ಲೇ ಇತ್ತು.