ಪ್ರಯೋಗದ ಹಂಚು

ಕಿಟಕಿಯ ಸಂದಿಗೆ ಕಣ್ಣಿಟ್ಟ ಜಿನ್ನವ್ವನಿಗೆ ಶೆಡ್ಡಿನೊಳಗೆ ಕಂಡದ್ದು ಇಷ್ಟೇ: ನೆಲದ ಮೇಲೆ ಹತ್ತು ಮಂಗಳೂರು ಹಂಚು, ಪಕ್ಕದಲ್ಲೊಂದು ಕುರ್ಚಿ, ಕುರ್ಚಿಯಲ್ಲಿ ಗಂಡ ಕುಂಥುನಾಥ. ಪೇಪರ್ ಓದುತ್ತಿದ್ದ. ನಡುನಡುವೆ ಹಂಚಿನ ಕಡೆ ನೋಡಿ ಒಬ್ಬನೇ ನಗುತ್ತಿದ್ದ.

ಆ ನಗು ಅವಳಿಗೆ ಗೊತ್ತಿತ್ತು. ಮನೆಗೆ ಕೇಬಲ್ ಬಂದಾಗಿನಿಂದ, ಮೊಮ್ಮಗಳು ಭಕ್ತಿಯ ಜೊತೆ ದಿನಾ ಸಂಜೆ ಐದಕ್ಕೆ ನೋಡುವ ಜಪಾನಿ ಕಾರ್ಟೂನಿನಲ್ಲಿ ಡಾಕ್ಟರ್ ಜುಗೋಮಾ ಎಂಬ ವಿಜ್ಞಾನಿ ಹೀಗೇ ನಗುತ್ತಿದ್ದ. ಕರಾಟೆ ಕಲಿತ ನಾಯಕ ಒಮ್ಮೆ ಅವನ ಪ್ರಯೋಗಶಾಲೆ ಸುಟ್ಟಿದ್ದ. ಅಂದಿನಿಂದ ಈ ಪುಣ್ಯಾತ್ಮನಿಗೆ ಬೇರೆ ಉದ್ಯೋಗವಿಲ್ಲ. ಗುಹೆಯಲ್ಲಿ ಕೂತು ಕಬ್ಬಿಣದ ಮನುಷ್ಯನನ್ನು ಮಾಡುವುದು, ನಾಯಕನ ಮೇಲೆ ಬಿಡುವುದು, ಸೋಲುವುದು, ಮತ್ತೆ ಮಾಡುವುದು. ಮಾತೆಲ್ಲ ಹಿಂದಿ. ಮರಾಠಿ ಬಲ್ಲ ಜಿನ್ನವ್ವನಿಗೆ ಅರ್ಧ ತಿಳಿಯುತ್ತಿತ್ತು. ಸೇಡು ಅರ್ಥವಾಗಲು ಅಷ್ಟು ಸಾಕಿತ್ತು.

ಬಿಳಿ ಮೀಸೆ, ದಪ್ಪ ಚಷ್ಮಾ, ಕೆದರಿದ ಕೂದಲು. ಓಣಿಯ ಹುಡುಗರು ಕುಂಥುನಾಥನನ್ನೂ ಡಾಕ್ಟರ್ ಜುಗೋಮಾ ಎಂದೇ ಕರೆಯುತ್ತಿದ್ದರು. ಗೋಕಾಕದ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರದ ಲ್ಯಾಬ್ ನೋಡಿಕೊಂಡು ನಿವೃತ್ತನಾದವನು. ಆದರೆ ಊರಿಗೆ ಅವನ ಗುರುತು ಹಂಚಿನಿಂದ. ಕಾಶಿನಾಥ ಮಾಸ್ತರನ ಕರಾಟೆ ಕ್ಲಾಸಿನ ಪ್ರದರ್ಶನಕ್ಕೆ ಹನ್ನೊಂದು ವರ್ಷದಿಂದ ಹಂಚು ಒದಗಿಸುತ್ತಿದ್ದವನು ಅವನೇ. ವಾರ ಮೊದಲೇ ಶೆಡ್ಡು ಸೇರುತ್ತಿದ್ದ. ಒಳಗಿಂದ ಕರ್ ಕರ್ ಸದ್ದು, ಅಂಟಿನ ವಾಸನೆ. ಹೊರಗೆ ಬಂದಾಗ ಮೈತುಂಬ ಕೆಂಪು ಪುಡಿ. ಏನೆಂದು ಕೇಳಿದರೆ “ಪ್ರಯೋಗ” ಅನ್ನುತ್ತಿದ್ದ. ಮೈದಾನದಲ್ಲಿ ಮೈಕು ಹಿಡಿದ ಮಾಲಿಂಗಪ್ಪ ಉಳಿದದ್ದನ್ನು ಹೇಳುತ್ತಿದ್ದ: “ಲ್ಯಾಬಿನ್ಯಾಗ ಔಷಧ ಕುಡಿಸಿ ಕಲ್ಲಿನಂಗ ಮಾಡಿದ ಹಂಚು! ಒಂದಲ್ಲ ಎರಡಲ್ಲ, ಹತ್ತು!” ಮಾಸ್ತರ ಕೈ ಬೀಸಿದರೆ ಹತ್ತೂ ಹೋಳು.

ಈ ವರ್ಷ ಭಕ್ತಿಗೆ ಕಂದು ಬೆಲ್ಟಿನ ಪರೀಕ್ಷೆ. ಪ್ರದರ್ಶನದಲ್ಲೇ ಎರಡು ಹಂಚು ಒಡೆದು ತೋರಿಸಬೇಕು. ಮಾಸ್ತರ ಎಲ್ಲರ ಎದುರಿಗೆ ನಕ್ಕುಬಿಟ್ಟ.

“ಜೈನರು ಇವರು, ಮನ್ಯಾಗ ಉಳ್ಳಾಗಡ್ಡಿ ಸುದ್ದಾ ತಿನ್ನಂಗಿಲ್ಲ. ಇಕಿ ಹಂಚು ಒಡೀತಾಳಂತ! ಒಂದು ಹಪ್ಪಳ ಕೊಡ್ರೆಪಾ ಇಕಿಗೆ.”

ಪಟ್ಟಿಯಿಂದ ಅವಳ ಹೆಸರು ಹೋಯಿತು. ಭಕ್ತಿ ಅಳಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಚಾವಣಿಯ ಹಂಚುಗಳನ್ನು ಇಟ್ಟಂಗಿಯ ಮೇಲಿಟ್ಟು ದಿನಾ ಬಡಿಯತೊಡಗಿದಳು. ಅಂಗೈ ಅಂಚು ಕೆಂಪಾಗುವವರೆಗೂ. ಕುಂಥುನಾಥ ಅದನ್ನು ನೋಡಿದ. ಮರುದಿನ ಹತ್ತು ಹೊಸ ಹಂಚು ತಂದು ಶೆಡ್ಡಿನ ಬಾಗಿಲು ಹಾಕಿಕೊಂಡ.

ಈ ಸಲ ಸದ್ದಿಲ್ಲ, ವಾಸನೆಯಿಲ್ಲ, ಮೈಮೇಲೆ ಒಂದು ಚಿಟಿಕೆ ಪುಡಿಯಿಲ್ಲ. ಜಿನ್ನವ್ವನಿಗೆ ಹೆದರಿಕೆಯಾದದ್ದು ಅದಕ್ಕೇ. ಸದ್ದೇ ಮಾಡದ ಪ್ರಯೋಗ ಎಂಥದ್ದಿರಬೇಕು?

“ಇರುವಿ ಕಂಡ್ರ ದಾಟಿ ಹೋಗೋರು ನಾವು,” ಎಂದಳು ರಾತ್ರಿಯಾಗುವ ಮೊದಲೇ ಊಟಕ್ಕೆ ಕೂತ ಗಂಡನಿಗೆ. “ಆ ಮನಶ್ಯಾನ ಕೈ ಮುರದ್ರ ಪಾಪ ಯಾರಿಗ್ರಿ? ಹಂಚಿನ್ಯಾಗ ಏನು ಬೆರೆಸೀರಿ?”

“ಭಗವಾನರ ಆಣಿ, ಏನೂ ಬೆರೆಸಿಲ್ಲ.”

ಆಣೆ ಖರೆಯೇ ಇರಬೇಕು. ನಗು ಮಾತ್ರ ಡಾಕ್ಟರ್ ಜುಗೋಮಾನದೇ.

ಭಾನುವಾರ ಮಧ್ಯಾಹ್ನ ಶಾಲೆಯ ಮೈದಾನ ತುಂಬಿತ್ತು. ಮೂಡಲಗಿಯಿಂದಲೂ ಜನ ಬಂದಿದ್ದರು. ಅಲ್ಲಿಯೂ ಕ್ಲಾಸು ತೆರೆಯುವ ಹಂಚಿಕೆ ಮಾಸ್ತರನದು. ಹಂಚು ಇಳಿಸುವಾಗ ಅವನು ಕುಂಥುನಾಥನ ಹತ್ತಿರ ಬಂದು ದನಿ ತಗ್ಗಿಸಿದ.

“ಕಾಕಾರ, ಹುಡುಗಿ ಮಾತು ಮನಸಿನ್ಯಾಗ ಇಟಗೋಬ್ಯಾಡ್ರಿ. ಹಂಚು ಹೋದ ವರ್ಷದಂಗ ಅದಾವಲ್ರಿ?”

“ಅದಕ್ಕಿಂತ ಛಲೋ ಅದಾವ.”

ಮಾಸ್ತರನ ಮುಖ ಅರಳಿತು. ಜಿನ್ನವ್ವನಿಗೆ ತಡೆಯಲಾಗಲಿಲ್ಲ.

“ಮಾಸ್ತರ, ಇವತ್ತ ಒಂದು ನಾಕು ಕಡಿಮಿ ಇಟಗೋರಿ.”

“ಆಯಿ, ಇನ್ನೊಂದು ನಾಕು ಇದ್ರ ಕೊಡ್ರಿ!”

ಹತ್ತೂ ಹಂಚು ಒಂದರ ಮೇಲೊಂದು ಪೇರಿಸಿ ಮಾಸ್ತರ ಕೈ ಎತ್ತಿದ. ಕೂಗಿದ. ಬೀಸಿದ.

ಪ್ರತಿ ವರ್ಷ ಬರುತ್ತಿದ್ದ ಚಟಚಟ ಸದ್ದು ಬರಲಿಲ್ಲ. ಧಪ್ ಎಂದಿತು. ಮೇಲಿನ ಎರಡು ಹಂಚು ಒಡೆದಿದ್ದವು. ಕೆಳಗಿನ ಎಂಟು ಹಾಗೇ ಕೂತಿದ್ದವು. ಮಾಸ್ತರ ಬಲಗೈಯನ್ನು ಕಂಕುಳಲ್ಲಿ ಒತ್ತಿಕೊಂಡು ಹಲ್ಲು ಕಚ್ಚಿ ನಕ್ಕ. ಮೈಕಿನಲ್ಲಿ ಮಾಲಿಂಗಪ್ಪನ ಕೆಮ್ಮು ಕೇಳಿತು.

ಆಗ ಭಕ್ತಿ ಎದ್ದಳು. ಯಾರನ್ನೂ ಕೇಳಲಿಲ್ಲ. ಉಳಿದ ಎಂಟರಲ್ಲಿ ಎರಡನ್ನು ತೆಗೆದು ಇಟ್ಟಂಗಿಯ ಮೇಲಿಟ್ಟಳು.

“ಬ್ಯಾಡವಾ! ಪ್ರಯೋಗದ ಹಂಚು ಅವು, ಕೈ ಹೋದೀತು!” ಮೈಕಿನಲ್ಲೇ ಕೂಗಿದ ಮಾಲಿಂಗಪ್ಪ.

ಜಿನ್ನವ್ವ ಕಣ್ಣು ಮುಚ್ಚಿದಳು. ತೆರೆದಾಗ ನೆಲದ ಮೇಲೆ ನಾಲ್ಕು ಹೋಳು. ಮೈದಾನವೇ ಎದ್ದು ನಿಂತಿತ್ತು. “ಯಾರ ಮನಿ ಹುಡುಗಿರಿ ಇಕಿ?” ಎಂದು ಮೂಡಲಗಿಯವರು ಕೇಳುತ್ತಿದ್ದರು. ಇಷ್ಟು ಮಂದಿಯ ಎದುರು ಇಲ್ಲವೆನ್ನಲಾಗದೆ ಕಂದು ಬೆಲ್ಟನ್ನು ಮಾಸ್ತರನೇ ತಂದುಕೊಟ್ಟ, ಎಡಗೈಯಲ್ಲಿ. ಬಲಗೈ ತಣ್ಣೀರಿನ ಬಕೀಟಿನಲ್ಲಿತ್ತು.

ಜಿನ್ನವ್ವ ಆ ಕೈಗೆ ಅರಿಷಿಣ ಹಚ್ಚಿ, ಎಲುಬು ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಮನೆಗೆ ಬಂದಳು. ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಯಿತ್ತು. ತಾಟಿಗೆ ರೊಟ್ಟಿ ಹಾಕಿದಳು.

“ಆಯಿ, ಒಂದು ಮಜಾ ಗೊತ್ತೈತೇನು?” ಭಕ್ತಿ ಬೆಲ್ಟ್ ಬಿಚ್ಚದೆಯೇ ಉಣ್ಣಲು ಕೂತಿದ್ದಳು. “ಹಿತ್ತಲದಾಗಿನ ಹಂಚಿಗೂ ಅವಕ್ಕೂ ಏನೂ ಫರಕ ಇರಲಿಲ್ಲ.”

ಜಿನ್ನವ್ವ ಗಂಡನ ಕಡೆ ತಿರುಗಿದಳು. ಕಾರ್ಟೂನಿನಲ್ಲಿ ಡಾಕ್ಟರ್ ಜುಗೋಮಾ ಕೊನೆಗೆ ತನ್ನ ಹಂಚಿಕೆಯನ್ನು ತಾನೇ ಬಿಡಿಸಿ ಹೇಳುತ್ತಿದ್ದ. ಇವನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

“ಈಗರೆ ಹೇಳ್ರಿ. ಆ ಹಂಚಿಗೆ ಏನು ಮಾಡಿದ್ರಿ?”

“ಏನೂ ಮಾಡಿಲ್ಲ,” ಎಂದ ಕುಂಥುನಾಥ ರೊಟ್ಟಿ ಮುರಿಯುತ್ತ. “ವರ್ಷಾ ವರ್ಷಾ ತಳಕ್ಕ ಗರಗಸದಿಂದ ಸೀಳಿ, ಅಂಟು ಪುಡಿ ತುಂಬಿ ಮುಚ್ಚಿ ಕೊಡತಿದ್ದೆ, ಈ ವರ್ಷ ಅಂಗಡ್ಯಾಗಿಂದ ತಂದಂಗ ಕೊಟ್ಟೆ.”