ಹದಿನೇಳನೇ ಸೀಸೆ

ಕಬ್ಬಿಣದ ಸಲಾಕೆ ಕೂದಲೆಳೆಯಲ್ಲಿ ತಪ್ಪಿ, ವಿಜ್ಞಾನಿಯ ಬೆನ್ನ ಹಿಂದಿದ್ದ ಗಾಜಿನ ಬೀರುವಿಗೆ ಬಡಿಯಿತು. ಚೂರೊಂದು ಅವಳ ಹಣೆ ಸೀಳಿತು. ಸೊಳ್ಳೆಜ್ವರದ ವೈರಸ್ಸನ್ನು ಬಲೆಯಂತೆ ಸುತ್ತಿ ಕಟ್ಟಿಹಾಕಲೆಂದು ಅವಳು ಎಂಟು ವರ್ಷ ಹೆಣಗಿ ಮಾಡಿದ ಪಾಲಿಮರ್ ಮದ್ದು ನೆಲದ ತುಂಬ ಹರಿಯಿತು.

"ನನ್ನ ಕೈಯಿಂದಲೇ ನನ್ನ ಮಗಳಿಗೆ ನೀರು ಚುಚ್ಚಿಸಿದೆಯಲ್ಲೇ, ಕೊಲೆಗಡುಕಿ!" ಎಂದು ವಾರ್ಡಿನ ಕಾಂಪೌಂಡರ್ ಅರಚಿದ. ಬೆಳಿಗ್ಗೆಯಷ್ಟೇ ಮಗಳನ್ನು ಮಣ್ಣು ಮಾಡಿ ಬಂದಿದ್ದ. ಒಳಗಿನದು ಕಾಣದ ಕಂದು ಗಾಜಿನ ಪ್ರಯೋಗದ ಸೀಸೆಗಳ ಮೇಲೆ ನಂಬರು ಮಾತ್ರ ಇತ್ತು. ಅರ್ಧದಲ್ಲಿ ಮದ್ದು, ಅರ್ಧದಲ್ಲಿ ಬರೀ ಉಪ್ಪುನೀರು. ಯಾರಿಗೆ ಯಾವುದೆಂಬುದು ಅಂಟಿಸಿಟ್ಟ ಲಕೋಟೆಗಷ್ಟೇ ಗೊತ್ತು. ಕಣ್ಣಿಗಿಳಿದ ರಕ್ತ ಒರೆಸಿಕೊಂಡು ಅವಳು ಅದನ್ನು ಹರಿದು ಒಳಗಿನ ಪಟ್ಟಿ ನೋಡಿದಳು.

"ನೋಡಿ ಅಣ್ಣಾ, ನಿಮ್ಮ ಮಗಳಿಗೆ ಬಂದದ್ದು ಹದಿನೇಳು. ನೀರಲ್ಲ, ಮದ್ದೇ."

ಎತ್ತಿದ ಸಲಾಕೆ ಗಾಳಿಯಲ್ಲೇ ನಿಂತಿತು. "ಹದಿನೇಳು ಸಿರಿಂಜಿಗೆ ಎಳೆದಾಗ ಮಬ್ಬಾಗಿತ್ತಲ್ಲ, ಮೇಡಂ?" ಅವನು ಪಟ್ಟಿಯತ್ತ ಬಗ್ಗಿದ. "ಮಬ್ಬಾದ ಇಂಜೆಕ್ಷನ್ ಕೆಟ್ಟಿರುತ್ತೆ. ಇಪ್ಪತ್ತು ವರ್ಷದಿಂದ ಅಂಥದನ್ನ ಎಸೀತಾ ಬಂದಿದೀನಿ. ಅದಕ್ಕೇ ಅದನ್ನ ಪಕ್ಕದ ಮಂಚದ ಹುಡುಗಿಗೆ ಹಾಕಿ, ಅವಳ ಸೀಸೆ ನನ್ನ ಮಗಳಿಗೆ..."

ಅವಳು ನೆಲದ ಮೇಲೆ ಹರಿದಿದ್ದ ಮದ್ದಿನತ್ತ ನೋಡಿದಳು; ಅದು ಇರುವುದೇ ಮಬ್ಬಾಗಿ. ಅವನೂ ನೋಡಿದ. ಪಕ್ಕದ ಮಂಚದ ಹುಡುಗಿ ನಿನ್ನೆ ಅಪ್ಪನ ಕೈ ಹಿಡಿದು ನಡೆದುಕೊಂಡೇ ಮನೆಗೆ ಹೋಗಿದ್ದಳು.

ಕಾಂಪೌಂಡರ್ ಸಲಾಕೆಯನ್ನು ಎಡಗೈಗೆ ಬದಲಾಯಿಸಿಕೊಂಡ. ಸೂಜಿ ಹಿಡಿಯುವ ಬಲಗೈಯನ್ನು ಗಾಜಿನ ಚೂರುಗಳ ನಡುವೆ, ಕಲ್ಲಿನ ಮೇಜಿನ ಮೇಲೆ ಹಾಸಿಟ್ಟ. "ಬೇಡ ಅಣ್ಣಾ!" ಎಂದು ಅವಳು ನುಗ್ಗುವಷ್ಟರಲ್ಲಿ ಸಲಾಕೆ ಇಳಿದಾಗಿತ್ತು.