ಬೊಲೋನ್ಯಾದಲ್ಲಿ ಇಬ್ಬರಿಗೆ ಮೇಜು

"ಮೂವರಿಗಲ್ಲ," ಎಂದಳು ಮೇಧಾ ಫೋನಿನಲ್ಲಿ, ಇಂಗ್ಲಿಷಿನಲ್ಲಿ, ದನಿ ತಗ್ಗಿಸಿ. "ಇಬ್ಬರಿಗೆ ಮಾತ್ರ."

ಅಡುಗೆಮನೆಯ ಬಾಗಿಲ ಹಿಂದೆ ಅವಳ ಗಂಡ ಹರ್ಷ ನೀರಿನ ಲೋಟ ಹಿಡಿದು ನಿಂತುಬಿಟ್ಟ. ಆ ಕಡೆಯಿಂದ ಗಂಡಸೊಬ್ಬ ನಕ್ಕಿದ್ದು ಕೇಳಿಸಿತು. ಮೇಧಾ ಮುಂದುವರಿಸಿದಳು. ಬರುವ ವರ್ಷವಲ್ಲ, ಅದರ ಮುಂದಿನ ವರ್ಷ, ನವೆಂಬರಿನಲ್ಲಿ. ಸಂಜೆ ಏಳಕ್ಕೇ ಊಟ ಸಿಗಬೇಕು. ಯಾವುದಕ್ಕೂ ಮಾಂಸ ಬೇಯಿಸಿದ ನೀರು ಬೆರೆಸಿರಬಾರದು.

ಒಂಬತ್ತಕ್ಕೆ ಮೊದಲು ಊಟದ ಹೆಸರೆತ್ತದ ಮೇಧಾ. ಮೀನು, ಕೋಳಿ ಯಾವುದನ್ನೂ ಬಿಡದ ಮೇಧಾ.

ಲ್ಯಾವಿಂಗ್ಟನ್ ಬಡಾವಣೆಯ ಆ ಮನೆಯಲ್ಲಿ ಇದ್ದವರು ಮೂವರು: ಅವರಿಬ್ಬರು, ಮತ್ತು ಒಂಬತ್ತು ವರ್ಷದ ಮಗಳು ಪ್ರಗತಿ. ಬ್ಯಾಂಕಿನವರು ಹರ್ಷನನ್ನು ಬೆಂಗಳೂರಿನಿಂದ ನೈರೋಬಿಗೆ ಕಳಿಸಿದ್ದು ಮುಂದಿನ ವರ್ಷದವರೆಗೆ ಮಾತ್ರ. ಅದರಾಚೆಗಿನ ನವೆಂಬರಿನ ಬಗ್ಗೆ ಅವನೊಂದಿಗೆ ಯಾರೂ ಮಾತಾಡಿರಲಿಲ್ಲ.

ಇಟಲಿ ಆ ಮನೆಗೆ ಹೊಸದಲ್ಲ. ಮದುವೆಯ ಹೊಸತರಲ್ಲಿ ರೋಮ್‌ಗೆ ಹೋಗಿದ್ದರು. ದೊಡ್ಡ ಚೌಕದ ಎದುರಿನ ಹೋಟೆಲಿನವನು ಬಾಗಿಲಲ್ಲೇ ಕರೆದು ಕೂರಿಸಿ ತರಕಾರಿ ಸೂಪ್ ಎಂದು ತಂದಿಟ್ಟ ಬಟ್ಟಲಿನಲ್ಲಿ ಹಂದಿಮಾಂಸದ ಚೂರು ತೇಲಿತ್ತು. ಉಳಿದ ದಿನಗಳನ್ನು ಹರ್ಷ ಬಾಳೆಹಣ್ಣು, ಬ್ರೆಡ್ಡಿನಲ್ಲಿ ಕಳೆದ, ಮಾತೂ ಬಿಟ್ಟ. ಮೇಧಾ ಜೊತೆಗೆ ಕೂತು ತಾನೂ ಬಾಳೆಹಣ್ಣು ತಿಂದಿದ್ದಳು. ಊಟದ ವಿಷಯದಲ್ಲಿ ಅವನು ಹಟಗಾರ. ಅಪ್ಪ ತೀರಿಕೊಂಡಾಗಲೂ ಅಷ್ಟೆ: ವರ್ಷಾಂತಿಕ ಮುಗಿಯುವವರೆಗೆ ಹೊರಗಿನ ಒಂದು ತುತ್ತನ್ನೂ ಮುಟ್ಟಲಿಲ್ಲ. ಆಫೀಸಿನ ಪಾರ್ಟಿಗಳಿಗೆ ಅವಲಕ್ಕಿ ಡಬ್ಬಿ ಕಟ್ಟಿಕೊಟ್ಟವಳು ಮೇಧಾ.

ಈಗ ಇದ್ದಕ್ಕಿದ್ದಂತೆ ಬೊಲೋನ್ಯಾ. ಆ ಊರಿನ ಓಣಿಗಳನ್ನು ಫೋನಿನಲ್ಲಿ ಒಂದೊಂದಾಗಿ ನೋಡುತ್ತಿದ್ದಳು. ಯಾವ ಹೋಟೆಲಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಎಂದು ಮಗಳಿಂದ ಬಾಯಿಪಾಠ ಮಾಡಿಸುತ್ತಿದ್ದಳು. ಆಟವಂತೆ.

"ಬಾಗಿಲಲ್ಲಿ ನಿಂತು ಕರೆದ್ರೆ?"

"ನೋ."

"ಮೆನುವಲ್ಲಿ ಫೋಟೋ ಇದ್ರೆ?"

"ಡೆಫಿನೆಟ್ಲಿ ನೋ. ಅಮ್ಮಾ, ಐ ನೋ ದಿಸ್."

"ಚೌಕದಿಂದ ಎಷ್ಟು ದೂರ?"

"ಟೂ ಲೇನ್ಸ್."

"ಅಪ್ಪ ಹಸಿದು ಮುಖ ಊದಿಸ್ಕೊಂಡ್ರೆ?"

"ಬಾಳೆಹಣ್ಣು," ಎಂದಳು ಪ್ರಗತಿ. ಆ ಒಂದು ಉತ್ತರವನ್ನು ಮಾತ್ರ ಕನ್ನಡದಲ್ಲಿ ಕಲಿತಿದ್ದಳು.

ಮೂವರೂ ನಕ್ಕರು. ಆದರೆ ಮೇಧಾ ನಗುತ್ತಿದ್ದುದು ನಿಂತುಕೊಂಡು. ಊಟದ ಮೇಜಿನಿಂದ ತನ್ನ ಕುರ್ಚಿಯನ್ನು ಅವಳು ಬಾಲ್ಕನಿಗೆ ಸಾಗಿಸಿದ್ದಳು. ಹರ್ಷ ಒಳಗೆ ತಂದಿಟ್ಟರೆ ಮರುದಿನ ಅದು ಮತ್ತೆ ಹೊರಗೆ. ಅಡುಗೆಕಟ್ಟೆಗೆ ಒರಗಿ ಎರಡು ತುತ್ತು ತಿಂದು ತಟ್ಟೆ ತೊಳೆದಿಡುತ್ತಿದ್ದಳು. "ನೀವಿಬ್ರೇ ಕೂತ್ಕೊಳ್ಳಿ. ಹೇಗೆ ಕಾಣ್ತೀರ ನೋಡ್ತೀನಿ."

ಎದುರು ಕೂರುವುದೂ ಬೇಡವಾಗಿದೆ ಎಂದುಕೊಂಡ ಹರ್ಷ.

ಮಾಂಸ ಮುಟ್ಟದ ಇನ್ನೊಬ್ಬ ಗಂಡಸು ಅವರ ಸ್ನೇಹಿತರಲ್ಲಿ ಒಬ್ಬನೇ ಇದ್ದ: ಆಫೀಸಿನ ವೈಭವ್. ಒಂಟಿ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಫ್ಲ್ಯಾಟ್. ಮೇಧಾ ಪ್ರತಿ ಗುರುವಾರ ಪಾರ್ಕ್‌ಲ್ಯಾಂಡ್ಸ್‌ಗೆ ಹೋಗುತ್ತಿದ್ದಳು, ದೇವಸ್ಥಾನಕ್ಕೆಂದು. ಬರುವಾಗ ಹಣೆಯಲ್ಲಿ ಕುಂಕುಮ ಇರುತ್ತಿರಲಿಲ್ಲ. ಮೈಯಿಂದ ಒಂದು ವಾಸನೆ ಬರುತ್ತಿತ್ತು; ಕರ್ಪೂರದ್ದಲ್ಲ, ಅದಕ್ಕಿಂತ ತಣ್ಣಗಿನ, ಚೂಪಾದ ಯಾವುದೋ ವಾಸನೆ. ಬಂದವಳೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು.

"ಈ ಡಿಸೆಂಬರಿಗೇ ಬೊಲೋನ್ಯಾಗೆ ಹೋಗೋಣ, ಮೂವರೂ," ಎಂದ ಒಂದು ದಿನ, ಪರೀಕ್ಷಿಸಲೆಂದೇ.

ಮೇಧಾ ಅವನ ಕಡೆ ತಿರುಗಿದಳು. "ಮೂವರಿಗೆ ಆಗಲ್ಲ ಹರ್ಷ."

ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾಳು ಎಂದು ಹೆದರಿದ. ಆ ರಾತ್ರಿ ಇಬ್ಬರೂ ಎಚ್ಚರವಾಗಿದ್ದರು. ಇಬ್ಬರಿಗೂ ಅದು ಗೊತ್ತಿತ್ತು.

ಮುಂದಿನ ಗುರುವಾರ ಅವನು ಅವಳ ಹಿಂದೆಯೇ ಹೋದ. ದೇವಸ್ಥಾನದ ಅಂಗಳದಲ್ಲಿ ಅವಳ ಕಾರು ಇತ್ತು. ರಸ್ತೆಯ ಈಚೆ ಬದಿಯಲ್ಲಿ, ಆಸ್ಪತ್ರೆಯ ಗೇಟಿನ ಪಕ್ಕ ಕಾರು ನಿಲ್ಲಿಸಿ, ದೇವಸ್ಥಾನದ ಬಾಗಿಲನ್ನೇ ನೋಡುತ್ತ ಕೂತ. ಗೇಟಿನ ಕಾವಲುಗಾರ ಬಂದು ಯಾರನ್ನು ನೋಡಬೇಕು ಎಂದು ಕೇಳಿದ. ಇಲ್ಲಿ ನನ್ನವರು ಯಾರೂ ಇಲ್ಲ ಎಂದ ಹರ್ಷ. "ಸವಾ," ಎಂದು, ಸರಿ ಎಂಬಂತೆ ತಲೆಯಾಡಿಸಿ ಅವನು ಹೋದ.

ದೇವಸ್ಥಾನದಿಂದ ಮೇಧಾ ಹೊರಬರಲೇ ಇಲ್ಲ. ಬಹಳ ಹೊತ್ತಾದ ಮೇಲೆ, ಕಾರಿನ ಹಿಂದಿನಿಂದ ಬಂದು ಯಾರೋ ಕಿಟಕಿ ತಟ್ಟಿದರು. ಅವಳೇ. ಮುಖ ಬಿಳಿಚಿತ್ತು. ಸಿಕ್ಕಿಬಿದ್ದವಳ ಮುಖ ಎಂದುಕೊಂಡ.

"ನನಗೆ ಕಾಯ್ತಿದ್ದೀಯಾ?" ಎಂದಳು.

"ಹೂಂ."

"ಅಭ್ಯಾಸ ಮಾಡ್ಕೋಬೇಡ."

ಭಾನುವಾರ ಮಧ್ಯಾಹ್ನ ಅವಳು ಮಲಗಿದ್ದಾಗ, ಅವಳ ಫೋನಿನಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದ ಇಟಲಿಯ ನಂಬರಿಗೆ ಹರ್ಷ ಕರೆ ಮಾಡಿದ. ವೈಭವನ ಜೊತೆ ಅವಳು ಹೋಗಲಿರುವ ಜಾಗವಾದರೂ ಯಾವುದು, ತಿಳಿಯಬೇಕಿತ್ತು. ಆ ಕಡೆ ತಟ್ಟೆಗಳ ಸದ್ದು. ಪುಟ್ಟ ಹೋಟೆಲಿನ ಮಾಲೀಕನಂತೆ, ಹೆಸರು ಮಾರ್ಕೊ.

"ನಾನು ಮೇಧಾಳ ಗಂಡ," ಎಂದ ಹರ್ಷ. ಆತ ಫೋನ್ ಇಟ್ಟುಬಿಡುತ್ತಾನೆ ಎಂದು ಕಾದ.

ಮಾರ್ಕೊನ ದನಿ ಮೆತ್ತಗಾಯಿತು. ಹರಕು ಇಂಗ್ಲಿಷಿನಲ್ಲಿ, ಸೂಪಿನಲ್ಲಿ ಹಂದಿ ಸಿಕ್ಕಿದ್ದು ನಿಮಗೇ ಅಲ್ಲವೇ ಎಂದು ಕೇಳಿದ. ನಮ್ಮಲ್ಲಿ ಹಾಗಾಗದು; ಕುಂಬಳಕಾಯಿ ತುಂಬಿದ ಪಾಸ್ತಾ ಮಾಡಿಕೊಡುತ್ತೇನೆ. ಮಗಳಿಗೆ ಏಳಕ್ಕೇ ಹಸಿವಾಗುತ್ತದಂತೆ, ಒಲೆ ಬೇಗ ಹಚ್ಚುತ್ತೇನೆ.

"ಇಷ್ಟು ಮುಂಚೆ ಯಾರೂ ಮೇಜು ಕೇಳಲ್ಲ ಅಂದೆ," ಎಂದ ಆತ. "ಮನೆಯಲ್ಲಿ ಸಾವಾದರೆ ನೀವು ವರ್ಷ ತುಂಬುವವರೆಗೆ ಹೊರಗೆ ಉಣ್ಣುವುದಿಲ್ಲವಂತೆ. ಅದು ಮುಗಿದ ಮೇಲೆಯೇ ಬರುತ್ತೀರಿ ಅಂದರು."

ಹರ್ಷ ತಿರುಗಿ ನೋಡಿದ. ಬಾಲ್ಕನಿಯಲ್ಲಿ ಕುರ್ಚಿ ಬಿಸಿಲಿಗೆ ಬೆನ್ನು ಮಾಡಿ ನಿಂತಿತ್ತು.

"ಮರೆತಿಲ್ಲ ಅಂತ ಅವರಿಗೆ ಹೇಳಿ," ಎಂದ ಮಾರ್ಕೊ. "ನೀವು ಬರುವ ಮೊದಲೇ ಮೂರನೇ ಕುರ್ಚಿಯನ್ನು ತೆಗೆದಿಡುತ್ತೇನೆ. ಅದು ಖಾಲಿ ಕಂಡರೆ ನೀವು ಉಣ್ಣುವುದಿಲ್ಲವಂತೆ."